ಎರೆಹೊಲದಲ್ಲಿ ಚರಗದ ಊಟ

ಚಳಿಗಾಲ ಕಾಲಿಟ್ಟಿತೆಂದರೆ ಪಟ್ಟಣದ ಸಂಸಾರವಂದಿಗರ ನಾಲಗೆಗೆ ಸುಗ್ಗಿ. ಬೆಂಗಳೂರಿನ ಬಸವನಗುಡಿಯಲ್ಲಿ ಕಾರ್ತಿಕದ ಕಡೆಯ ಸೋಮವಾರ ಕಡಲೆಕಾಯಿ ಪರಿಷೆ ನೆರೆಯುತ್ತದೆ; ಸಂಕ್ರಾಂತಿಯ ಹಿಂದುಮುಂದಿನ ದಿನಗಳಲ್ಲಿ ಅವರೆಕಾಯಿ ಮೇಳದ ಮಳಿಗೆಗಳು ಏಳುತ್ತವೆ. ಅವರೆಬೇಳೆಯ ದೋಸೆಯಿಂದ ಹಿಡಿದು ಅವರೆಬೇಳೆಯ ಜಿಲೇಬಿಯವರೆಗೆ ಬಗೆಬಗೆಯ ತಿನಿಸು. ಮಳಿಗೆಯಿಂದ ಮಳಿಗೆಗೆ ಸಾಗುವುದು, ಹಣ ತೆತ್ತು ಚೀಟಿ ಪಡೆಯುವುದು, ನೂಕುನುಗ್ಗಲಿನ ನಡುವೆ ತಟ್ಟೆ ಹಿಡಿದು ನಿಂತಲ್ಲೇ ತಿನ್ನುವುದು ಅಲ್ಲಿಯ ಕ್ರಮ. ಅದರ ಸೊಗಸೂ ಸೊಗಸೇ, ಅಲ್ಲಗಳೆಯುವಂತಿಲ್ಲ.

ಇದೇ ದಿನಗಳಲ್ಲಿ, ಅಲ್ಲಿಂದ 400 ಕಿಲೋಮೀಟರಿಗೂ ಮಿಕ್ಕಿದ ದೂರದಲ್ಲಿ, ಧಾರವಾಡ ಜಿಲ್ಲೆಯ ನವಲಗುಂದದ ಸೀಮೆಯಲ್ಲಿ ಮತ್ತೊಂದು ತಿನಿಸಿನ ಹಬ್ಬ ನಡೆಯುತ್ತದೆ. ಅದಕ್ಕೆ ಮಂಟಪವಿಲ್ಲ, ಮಳಿಗೆಯಿಲ್ಲ, ಚೀಟಿಯಿಲ್ಲ. ಪಂಚಾಂಗವೇ ಅದರ ಪ್ರಕಟಣೆ. ಮಾರ್ಗಶಿರ ಮಾಸದ ಕಡೆಯ ದಿನವಾದ ಎಳ್ಳ ಅಮಾವಾಸ್ಯೆಯಂದು ಊರಿಗೆ ಊರೇ ಅಡಿಗೆಯನ್ನು ಹೊತ್ತುಕೊಂಡು ಹೊಲಕ್ಕೆ ನಡೆಯುತ್ತದೆ. ಡಿಸೆಂಬರ್ ಮಧ್ಯಕ್ಕೂ ಜನವರಿ ಮಧ್ಯಕ್ಕೂ ನಡುವೆ ಈ ದಿನ ಹಿಂದೆಮುಂದೆ ಸರಿಯುತ್ತಿರುತ್ತದೆ. 2024ನೆಯ ಇಸವಿಯಲ್ಲಂತೂ ಜನವರಿ 11ರಂದು ಒಮ್ಮೆ, ಡಿಸೆಂಬರ್ 30ರಂದು ಮತ್ತೊಮ್ಮೆ, ಹೀಗೆ ಒಂದೇ ವರ್ಷದಲ್ಲಿ ಎರಡು ಸಲ ಬಂದು, ಉಣ್ಣುವವರಿಗೆ ಲಾಭವನ್ನೂ ಅಡಿಗೆ ಮಾಡುವವರಿಗೆ ಇಮ್ಮಡಿ ದುಡಿಮೆಯನ್ನೂ ತಂದಿತು.

ಹುಬ್ಬಳ್ಳಿಯಿಂದ ವಿಜಯಪುರದ ಹೆದ್ದಾರಿ ಹಿಡಿದು 35-40 ಕಿಲೋಮೀಟರು ಸಾಗಿದರೆ ನವಲಗುಂದ. ದಾರಿಯುದ್ದಕ್ಕೂ ಎರಡು ಮಗ್ಗುಲಿಗೂ ಎರೆನೆಲ. ಮರಗಳು ವಿರಳ, ಕಲ್ಲು ಅದಕ್ಕಿಂತ ವಿರಳ. ಕಣ್ಣು ಹಾಯುವಷ್ಟು ದೂರ ಕಪ್ಪುಮಣ್ಣು. ಮಳೆಗಾಲದಲ್ಲಿ ಈ ಮಣ್ಣು ಅರಲಾಗಿ ಕಾಲನ್ನು ಹಿಡಿದು ಬಿಡುವುದಿಲ್ಲ; ಬೇಸಗೆಯಲ್ಲಿ ಬಿರಿದು, ಬಿರುಕಿನೊಳಗೆ ಮೊಳಕೈ ಇಳಿಯುವಂತಾಗುತ್ತದೆ. ಇವೆರಡರ ನಡುವೆ ಬರುವ ಚಳಿಗಾಲವೇ ಇದರ ಮಹಿಮೆಯ ಕಾಲ. ಮಳೆ ನಿಂತ ಮೇಲೆ ಬಿತ್ತಿದ ಬಿಳಿಜೋಳ, ಕಡಲೆ, ಗೋಧಿ, ಕುಸುಬೆಗಳು ಮತ್ತೆ ಮಳೆಯ ಮುಖ ಕಾಣದಿದ್ದರೂ ಬೆಳೆಯುತ್ತವೆ. ಜೇಡಿಯಂಶ ಹೆಚ್ಚಾಗಿರುವ ಈ ಮಣ್ಣು ಮಳೆಗಾಲದ ನೀರನ್ನು ತನ್ನೊಡಲಲ್ಲಿ ಹಿಡಿದಿಟ್ಟುಕೊಂಡು, ಬೇರಿಗೆ ಬೇಕಾದಾಗ ಬೇಕಾದಷ್ಟನ್ನೇ ಬಿಟ್ಟುಕೊಡುತ್ತದೆ. ಮೇಲಿನಿಂದ ಇಬ್ಬನಿಯ ಆಸರೆ. ಇದೇ ಹಿಂಗಾರಿ ಬೇಸಾಯ.

ಜೋಳ ಹೊಡೆ ಬಿರಿದು ತೆನೆಗಟ್ಟುತ್ತಿರುವಾಗ, ಕಡಲೆ ಹೂವಿನಿಂದ ಕಾಯಿಗೆ ತಿರುಗುತ್ತಿರುವಾಗ ಎಳ್ಳ ಅಮಾವಾಸ್ಯೆ ಬರುತ್ತದೆ. ಭೂಮಿತಾಯಿ ಬಸುರಿ ಎಂಬುದು ಈ ಸೀಮೆಯ ಒಕ್ಕಲಿಗರ ಭಾವನೆ. ಬಸುರಿಗೆ ಬಯಕೆ ಸಹಜವಷ್ಟೆ! ಬಗೆಬಗೆಯ ಅಡಿಗೆ ಮಾಡಿ ಆಕೆಯ ಬಯಕೆಯನ್ನು ತೀರಿಸುವುದು ಮನೆಯವರ ಕರ್ತವ್ಯ. ಮುಂಗಾರಿ ಬೆಳೆಗೆ ಸೀಗಿ ಹುಣ್ಣಿಮೆಯಲ್ಲಿ ನಡೆದ ಉಪಚಾರವೇ ಹಿಂಗಾರಿ ಬೆಳೆಗೆ ಎಳ್ಳ ಅಮಾವಾಸ್ಯೆಯಲ್ಲಿ ನಡೆಯುತ್ತದೆ. ಇದಕ್ಕೆ ‘ಚರಗ ಚೆಲ್ಲುವುದು’ ಎಂದು ಹೆಸರು.

ಹಬ್ಬದ ದಿನ ಒಂದೇ ಆದರೂ ಅದರ ಸಿದ್ಧತೆ ವಾರದ ಮೊದಲೇ ಆರಂಭವಾಗುತ್ತದೆ. ರೊಟ್ಟಿ ಬಡಿಯುವ ಸದ್ದು ಓಣಿ ಓಣಿಗಳಲ್ಲಿ ಕೇಳಿಬರುತ್ತದೆ. ಜೋಳದ ರೊಟ್ಟಿ, ಎಳ್ಳು ಹಚ್ಚಿದ ಸಜ್ಜೆಯ ರೊಟ್ಟಿಗಳನ್ನು ಬಡಿದು, ಬೇಯಿಸಿ, ಒಣಗಿಸಿ, ಹಪ್ಪಳದಂತೆ ಗರಿಗರಿಯಾಗಿಸಿ, ಬುಟ್ಟಿಯಲ್ಲಿ ಪೇರಿಸಿಡುತ್ತಾರೆ. ಒಂದೊಂದು ಮನೆಯಲ್ಲಿ ಈ ಪೇರಿಕೆ ಮಕ್ಕಳ ಎತ್ತರಕ್ಕೆ ಏರುವುದುಂಟು. ಕರಿಂಡಿಗೆ ಇನ್ನೂ ಮುಂಚೆಯೇ ಕೈಹಚ್ಚಬೇಕು. ಅಗಸೆಯ ಹುಡಿ, ಹಸಿಮೆಣಸಿನಕಾಯಿ, ಬೆಳ್ಳುಳ್ಳಿ, ಹೆಚ್ಚಿದ ಸೌತೆಕಾಯಿ ಮೊದಲಾದವುಗಳನ್ನು ಕೂಡಿಸಿ, ಬಾಯಿ ಕಟ್ಟಿ, ಕೆಲವು ದಿನ ಹುಳಿಯಲು ಬಿಡುವ ಈ ವ್ಯಂಜನ ಚಳಿಗಾಲದಲ್ಲಿ ಮಾತ್ರ ಹದವಾಗಿ ಬರುತ್ತದೆ. ಅಮಾವಾಸ್ಯೆಯ ದಿನ ಹೆಣ್ಣುಮಕ್ಕಳು ಏಳುವುದು ಕೋಳಿ ಕೂಗುವುದಕ್ಕೂ ಮೊದಲು. ಹೋಳಿಗೆಯ ಹೂರಣ, ಕಡುಬಿನ ಹಿಟ್ಟು, ಪಲ್ಯ, ಬಾನ ಎಲ್ಲವೂ ಬಿಸಿಲೇರುವುದರೊಳಗೆ ಮುಗಿದು ಬುತ್ತಿಗೆ ಸೇರಬೇಕು. ಹಬ್ಬದ ಹೊಗಳಿಕೆಯಲ್ಲಿ ಭೂಮಿತಾಯಿಗೆ ಸಲ್ಲುವ ಪಾಲಿನಲ್ಲಿ ಕಾಲುಭಾಗವಾದರೂ ಈ ತಾಯಂದಿರಿಗೆ ಸಲ್ಲಿದರೆ ಅನ್ಯಾಯವಾಗಲಾರದು.

ಹಿಂದೆ ಎತ್ತುಗಳ ಕೋಡಿಗೆ ಬಣ್ಣ ಬಳಿದು, ಕೊರಳಿಗೆ ಗೆಜ್ಜೆ ಕಟ್ಟಿ, ಕೊಲ್ಲಾರಿ ಬಂಡಿ ಹೂಡಿ ಹೊಲಕ್ಕೆ ಹೋಗುತ್ತಿದ್ದರು. ಆ ಬಂಡಿಗಳು ಇಂದಿಗೂ ಅಲ್ಲಲ್ಲಿ ಕಾಣಸಿಗುತ್ತವೆ. ಆದರೆ ಬಹುಮಂದಿಯ ವಾಹನ ಈಗ ಟ್ರ್ಯಾಕ್ಟರು. ಅದರ ಹಿಂದಿನ ತೊಟ್ಟಿಯಲ್ಲಿ ಅಜ್ಜಿಯಿಂದ ಹಿಡಿದು ತೊಟ್ಟಿಲ ಕೂಸಿನವರೆಗೆ ಎಲ್ಲರೂ ಹಿಡಿಸುತ್ತಾರೆ. ನಡುವೆ ರೊಟ್ಟಿಯ ಬುಟ್ಟಿ, ಮೊಸರಿನ ಗಡಿಗೆ, ಸುತ್ತಿಟ್ಟ ಜಮಖಾನ. ಜಮಖಾನಕ್ಕೆ ಈ ಊರು ಹೆಸರುವಾಸಿ. ಮುಸಲ್ಮಾನ ಮನೆತನಗಳ ಹೆಣ್ಣುಮಕ್ಕಳು ಮನೆಯೊಳಗಿನ ಮಗ್ಗದಲ್ಲಿ ನೇಯುವ, ನವಿಲಿನ ಚಿತ್ತಾರದ ಈ ಹಾಸಿಗೆ 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯನ್ನು ಪಡೆಯಿತು. ಕಸುಬು ಮನೆಯಿಂದಾಚೆಗೆ ಹೋಗದಿರಲೆಂದು ಅದನ್ನು ಮಗಳಿಗೆ ಕಲಿಸದೆ ಸೊಸೆಗೆ ಕಲಿಸುತ್ತಿದ್ದರೆಂಬ ಮಾತೂ ಇದೆ. ಅಪ್ಪಟ ನವಲಗುಂದದ ಜಮಖಾನ ಇಂದು ಬೆಲೆಯುಳ್ಳ ವಸ್ತು. ಹೊಲದ ಹೆಂಟೆಯ ಮೇಲೆ ಹಾಸುವುದಕ್ಕೆ ಬರುವುದು ಸಾಮಾನ್ಯವಾಗಿ ಅದರ ಅಗ್ಗದ ತಮ್ಮಂದಿರೇ!

ಹೊಲ ಮುಟ್ಟಿದೊಡನೆ ಯಾರೂ ಬುತ್ತಿ ಬಿಚ್ಚುವಂತಿಲ್ಲ. ಬನ್ನಿಯ ಗಿಡವೋ ಜಾಲಿಯ ಗಿಡವೋ ಇದ್ದರೆ ಅದರ ಬುಡದಲ್ಲಿ, ಇಲ್ಲವಾದರೆ ಬೆಳೆಯ ನಡುವೆ, ಐದು ಕಲ್ಲುಗಳನ್ನು ಸಾಲಾಗಿಟ್ಟು, ಸುಣ್ಣ ಹಚ್ಚಿ, ಕುಂಕುಮವಿಟ್ಟು, ಪಂಚಪಾಂಡವರೆಂದು ಪೂಜಿಸುತ್ತಾರೆ. ಎರೆಯ ಹೊಲದಲ್ಲಿ ಐದು ಕಲ್ಲು ಹುಡುಕುವುದೇನೂ ಹಗುರ ಕೆಲಸವಲ್ಲ. ಒಮ್ಮೆ ದೊರೆತವುಗಳನ್ನು ಜೋಪಾನ ಮಾಡುವುದೇ ಜಾಣತನ. ನೈವೇದ್ಯವಾದ ಮೇಲೆ ಮಾಡಿದ ಅಡಿಗೆಯಲ್ಲೆಲ್ಲ ಇಷ್ಟಿಷ್ಟು ತೆಗೆದು ಒಟ್ಟಿಗೆ ಕಲಸುತ್ತಾರೆ. ಆ ಮಿಶ್ರಣವೇ ಚರಗ. ಮನೆಯ ಯಜಮಾನ ಅದನ್ನು ಹಿಡಿದು ಕೂಗು ಹಾಕುತ್ತ ಹೊಲದ ಸುತ್ತ ಬೆಳೆಯ ಮೇಲೆ ಚೆಲ್ಲುತ್ತ ಹೋಗುತ್ತಾನೆ. ಅವನ ಬೆನ್ನಿಗೆ ಇನ್ನೊಬ್ಬರು ತಂಬಿಗೆ ಹಿಡಿದು ನೀರು ಚಿಮುಕಿಸುತ್ತ ನಡೆಯುತ್ತಾರೆ. ಉಣಿಸಿದವರು ನೀರನ್ನೂ ಕೊಡಬೇಕಲ್ಲವೆ? ಒಂದು ಹೊಲದ ಕೂಗಿಗೆ ಪಕ್ಕದ ಹೊಲದ ಕೂಗು ಓಗೊಡುತ್ತದೆ. ಅಷ್ಟು ದೂರದ ಬಯಲಿನಲ್ಲಿ ಮನುಷ್ಯರು ಚುಕ್ಕೆಗಳಂತೆ ಕಂಡರೂ ದನಿಗಳು ಸ್ಪಷ್ಟವಾಗಿ ತೇಲಿಬರುತ್ತವೆ.

ಇದನ್ನು ಮೂಢನಂಬಿಕೆಯೆಂದು ತಳ್ಳಿಹಾಕುವ ವಿದ್ಯಾವಂತರಿಗೆ ಒಂದು ಮಾತು. ಚೆಲ್ಲಿದ ಅನ್ನಕ್ಕೆ ಹಕ್ಕಿಗಳು ಬರುತ್ತವೆ. ಬಂದ ಹಕ್ಕಿಗಳು ಅನ್ನದೊಡನೆ ಬೆಳೆಯ ಮೇಲಿನ ಹುಳುಗಳನ್ನೂ ಹೆಕ್ಕುತ್ತವೆ. ಕಡಲೆಗೆ ಕಾಯಿಕೊರಕ ಹುಳು ತಗಲುವುದೂ ಈ ಹೊತ್ತಿನಲ್ಲಿಯೇ. ಅದರ ಹತೋಟಿಗಾಗಿ ಹೊಲದಲ್ಲಿ ಹಕ್ಕಿ ಕೂರಲು ಕವಲುಕಡ್ಡಿಗಳನ್ನು ನೆಡಬೇಕು, ಚುರುಮುರಿ ಚೆಲ್ಲಿ ಹಕ್ಕಿಗಳನ್ನು ಕರೆಯಬೇಕು ಎಂದು ಕೃಷಿತಜ್ಞರು ಇಂದು ಸಲಹೆ ಕೊಡುತ್ತಾರೆ. ಹಾಗೆಂದು ಹಳಬರು ಕೀಟಶಾಸ್ತ್ರವನ್ನೆಲ್ಲ ತಿಳಿದೇ ಈ ಹಬ್ಬವನ್ನು ಹೂಡಿದರೆಂದು ಹೇಳಹೊರಡುವುದೂ ಅತಿರೇಕವಾದೀತು. ಅವರು ಹಂಚಿಕೊಂಡು ಉಂಡರು. ಹಕ್ಕಿಯೂ ಪಂಕ್ತಿಯಲ್ಲಿ ಸೇರಿತು.

ಇನ್ನು ಊಟ. ಜಮಖಾನದ ಮೇಲೆ ವರ್ತುಲವಾಗಿ ಕುಳಿತವರ ಮುಂದೆ ಮೊದಲು ಬರುವುದು ರೊಟ್ಟಿ. ಸಜ್ಜೆಯ ರೊಟ್ಟಿಯ ಬಣ್ಣ ಬೂದಿ ಬೆರೆತ ಹಸಿರು, ಮೈಮೇಲೆಲ್ಲ ಎಳ್ಳು. ಮುರಿದರೆ ಚಟ್ಟೆಂದು ಸದ್ದಾಗಬೇಕು. ಆಗದಿದ್ದರೆ ಒಣಗಿಸಿದ ಕೈಗೆ ಆಕ್ಷೇಪಣೆ ತಪ್ಪಿದ್ದಲ್ಲ. ಸಜ್ಜೆಯೂ ಎಳ್ಳೂ ಮೈಗೆ ಕಾವು ಕೊಡುತ್ತವೆಂಬುದು ಇಲ್ಲಿಯವರ ನಂಬಿಕೆ. ಮಾಗಿಯ ಗಾಳಿಯಲ್ಲಿ ಬಯಲಲ್ಲಿ ಕುಳಿತವರು ಅದನ್ನು ಅಲ್ಲಗಳೆಯುವುದಿಲ್ಲ. ರೊಟ್ಟಿಯ ಮೇಲೆ ಬೆಣ್ಣೆಯ ಮುದ್ದೆ, ಅದರ ಮಗ್ಗುಲಿಗೆ ಎಣ್ಣೆಗಾಯಿ. ಎಳೆಯ ಬದನೆಕಾಯಿಯನ್ನು ತೊಟ್ಟು ಬಿಡದಂತೆ ನಾಲ್ಕಾಗಿ ಸೀಳಿ, ಹುರಿದ ಶೇಂಗಾ, ಗುರೆಳ್ಳು, ಕಾರ, ಹುಣಸೆ, ಬೆಲ್ಲಗಳ ಹುಡಿಯನ್ನು ತುಂಬಿ, ಎಣ್ಣೆಯಲ್ಲಿಯೇ ಬೇಯಿಸಿದ್ದು. ಪಟ್ಟಣದ ಹೋಟೆಲುಗಳಲ್ಲಿ ಇದೇ ಹೆಸರಿನಿಂದ ಬಡಿಸುವ ಕೆಂಪು ಗೊಜ್ಜಿಗೂ ಇದಕ್ಕೂ ಸಂಬಂಧ ಹೆಸರಿನಷ್ಟೇ. ಪುಂಡಿಪಲ್ಯ ಮೂರನೆಯದು. ಹುಳಿಯ ಸೊಪ್ಪು, ಜೋಳದ ನುಚ್ಚು, ಹೇರಳವಾಗಿ ಬೆಳ್ಳುಳ್ಳಿ. ನೋಟಕ್ಕೆ ಅಷ್ಟೇನೂ ಚೆಲುವಲ್ಲದ ಈ ಪದಾರ್ಥವೇ ಬಹುಶಃ ಇಡೀ ಎಲೆಯ ಮೇಲಿನ ರಾಜ.

ಆಮೇಲೆ ಕುಚ್ಚಿದ ಕಡುಬು, ಶೇಂಗಾ ಹೋಳಿಗೆ, ಎಳ್ಳು ಹೋಳಿಗೆ. ಅಗಸೆ, ಗುರೆಳ್ಳು, ಶೇಂಗಾಗಳ ಮೂರು ಬಗೆಯ ಚಟ್ನಿಪುಡಿಗಳು ಮೂರು ಬಣ್ಣಗಳಲ್ಲಿ. ಕೆಲವು ಮನೆಗಳಲ್ಲಿ ಮಾದಲಿಯೂ ಉಂಟು: ಗೋಧಿಯ ದಪ್ಪ ರೊಟ್ಟಿಯನ್ನು ಕುಟ್ಟಿ, ಬೆಲ್ಲ, ಪುಟಾಣಿ, ಕೊಬ್ಬರಿ, ಏಲಕ್ಕಿ ಸೇರಿಸಿದ ಹುಡಿ, ಮೇಲೆ ಹಾಲು, ತುಪ್ಪ. ಕಡೆಯಲ್ಲಿ ಜೋಳದ ನುಚ್ಚಿಗೆ ಮೊಸರು ಬೆರೆಸಿದ ತಣ್ಣನೆಯ ಬಾನ. “ಅಣ್ಣಾರ, ಇನ್ನೊಂದ್ ಕಡಬು ಹಾಕ್ಲೇನ್ರಿ? ನಾಚ್ಕೋಬ್ಯಾಡ್ರಿ” ಎಂಬ ಮಾತಿಗೆ ಬೇಡವೆನ್ನುವುದು ಅತಿಥಿಗೆ ಸುಲಭವಲ್ಲ, ಬೇಡವೆಂದು ಬಾಯಿ ತೆರೆಯುವುದರೊಳಗೆ ಕಡುಬು ತಟ್ಟೆಗೆ ಬಿದ್ದಿರುತ್ತದೆ.

ಇಷ್ಟರಲ್ಲೂ ಬೆಂಕಿ ಮುಟ್ಟಿಸದ ತಿನಿಸಿನ ಮಾತು ಬಂದಿಲ್ಲ. ಅದು ಬುಟ್ಟಿಯಿಂದ ಬರುವುದಲ್ಲ. ಕುಳಿತಲ್ಲಿಂದ ಕೈಚಾಚಿದರೆ ಸಿಗುವುದು. ಕಡಲೆಯ ಎಳೆಯ ಕುಡಿಯನ್ನು ಚಿವುಟಿ ಬಾಯಿಗಿಟ್ಟುಕೊಂಡರೆ ನಾಲಗೆ ಚುರ್ರೆನ್ನುತ್ತದೆ. ಕಡಲೆಯ ಗಿಡ ತನ್ನ ಮೈಕೂದಲಿನಿಂದ ಮ್ಯಾಲಿಕ್ ಆಮ್ಲ, ಆಕ್ಸಾಲಿಕ್ ಆಮ್ಲಗಳನ್ನು ಒಸರುವುದೇ ಆ ಹುಳಿಗೆ ಕಾರಣ. ಹಿಂದೆ ಬೆಳಗಿನ ಜಾವ ಬೆಳೆಯ ಮೇಲೆ ಶುಭ್ರವಾದ ಬಟ್ಟೆ ಹಾಸಿ, ಇಬ್ಬನಿಯೊಡನೆ ಆ ಹುಳಿಯನ್ನು ಹೀರಿಸಿ ಹಿಂಡಿ, ಅಜೀರ್ಣದ ಮದ್ದಾಗಿ ಶೀಸೆಯಲ್ಲಿ ಕೂಡಿಡುತ್ತಿದ್ದರು. ಕುಡಿ ಚಿವುಟುವುದರಿಂದ ಗಿಡಕ್ಕೂ ನಷ್ಟವಿಲ್ಲ. ಹೂವಾಡುವ ಮುನ್ನ ಚಿವುಟಿದಷ್ಟೂ ಕವಲೊಡೆದು ಹೆಚ್ಚು ಕಾಯಿ ಕಚ್ಚುತ್ತದೆ. ಮುಂಚೆ ಬಿತ್ತಿದ ಹೊಲಗಳಲ್ಲಿ ಹಸಿರು ಕಾಯಿ, ಎಂದರೆ ಸುಲಗಾಯಿ, ಆಗಲೇ ತುಂಬಿರುತ್ತದೆ. ಈ ಸೀಮೆಗೂ ಕಡಲೆಗೂ ಇರುವ ನಂಟನ್ನು ನಾಡೇ ಬಲ್ಲದು. ಒಂದು ಕಾಲಕ್ಕೆ ನವಲಗುಂದ ತಾಲೂಕಿಗೇ ಸೇರಿದ್ದು ಈಗ ತಾನೇ ತಾಲೂಕಾಗಿರುವ ಅಣ್ಣಿಗೇರಿಯ ಹೆಸರನ್ನು ಹೊತ್ತ ‘ಅಣ್ಣಿಗೇರಿ-1’ ಕಡಲೆ ತಳಿ ದಶಕಗಳಿಂದ ರೈತರ ಅಚ್ಚುಮೆಚ್ಚು. ಸೊರಗು ರೋಗವನ್ನು ತಾಳಿಕೊಳ್ಳುವ ‘ಸೂಪರ್ ಅಣ್ಣಿಗೇರಿ-1’ ಈಚಿನ ವರ್ಷಗಳಲ್ಲಿ ಬಂದ ಅದರ ವಂಶದ ಕುಡಿ.

ಕಡಲೆಗಿಂತಲೂ ಬಡವರ ಬಂಧು ಹಕ್ಕರಕಿ. ಯಾರೂ ಬಿತ್ತದೆ ಎರೆಹೊಲದಲ್ಲಿ ತಾನಾಗಿ ಹುಟ್ಟುವ, ನೆಲಕ್ಕೆ ಅಂಟಿಕೊಂಡ ಈ ಸೊಪ್ಪನ್ನು ಹಸಿಯಾಗಿಯೇ ರೊಟ್ಟಿಯೊಡನೆ ತಿನ್ನುತ್ತಾರೆ. ಅದರ ನಸುಗಹಿಗೆ ಒಂದಿಷ್ಟು ಶೇಂಗಾ ಹಿಂಡಿ, ಒಂದು ತೊಟ್ಟು ಎಣ್ಣೆ ಸಾಕು. ಆದರೆ ಈಗ ಹೊಲದಲ್ಲಿ ಹಕ್ಕರಕಿ ಹುಡುಕುವವರು ಒಂದೆರಡು ಮಾರು ಹೆಚ್ಚಾಗಿಯೇ ನಡೆಯಬೇಕು. ಕಳೆ ಕೀಳುವ ಆಳು ದುರ್ಲಭವಾದಂತೆ ಕಳೆನಾಶಕದ ಸಿಂಪರಣೆ ಹೆಚ್ಚಿದೆ. ಔಷಧಕ್ಕೆ ಹಕ್ಕರಕಿಯೂ ಒಂದೇ, ಕರಿಕೆಯೂ ಒಂದೇ.

ಇಲ್ಲಿಗೆ ಬಂದಾಗ ಚರಗದ ತಟ್ಟೆ ಬೇರೊಂದು ಸಮಾಚಾರವನ್ನೂ ಹೇಳತೊಡಗುತ್ತದೆ. ಅದರಲ್ಲಿರುವ ಪ್ರತಿಯೊಂದು ತಿನಿಸೂ ಒಂದು ಕಾಲಕ್ಕೆ ಅದೇ ಹೊಲದ ಯಾವುದೋ ಸಾಲಿನಲ್ಲಿ ಬೆಳೆದದ್ದು. ಜೋಳದ ನಡುವೆ ಅಕ್ಕಡಿಯ ಸಾಲುಗಳಲ್ಲಿ ಅಗಸೆ, ಗುರೆಳ್ಳು. ಹೊಲದ ಅಂಚಿಗೆ ಬೇಲಿಯಂತೆ ಕುಸುಬೆ. ಕುಸುಬೆಯ ಮುಳ್ಳಿಗೆ ಅಂಜಿ ದನಗಳು ಒಳನುಗ್ಗುತ್ತಿರಲಿಲ್ಲ. ಎಳೆಯದಾಗಿದ್ದಾಗ ಅದರ ಸೊಪ್ಪು ಪಲ್ಯಕ್ಕೆ, ಬಲಿತ ಮೇಲೆ ಬೀಜ ಗಾಣಕ್ಕೆ. ಎಣ್ಣೆಗಾಯಿಯ ಎಣ್ಣೆ ಆ ಗಾಣದ್ದೇ. ಇಂದು ಆ ಸಾಲುಗಳು ಬಹಳಷ್ಟು ಅಳಿಸಿವೆ. ಕುಸುಬೆಯ ಮುಳ್ಳನ್ನು ಕೊಯ್ಯುವ ಕೈಗಳಿಲ್ಲ. ಅಂಗಡಿಯ ಪ್ಯಾಕೆಟ್ಟಿನ ಎಣ್ಣೆ ಅಗ್ಗ. ಒಂದೇ ಹೊಲಕ್ಕೆ ಒಂದೇ ಬೆಳೆ, ಹತ್ತಿಯಾದರೆ ಹತ್ತಿ, ಗೋವಿನಜೋಳವಾದರೆ ಗೋವಿನಜೋಳ. ಹೀಗಾಗಿ ಎಷ್ಟೋ ಮನೆಗಳಲ್ಲಿ ಅಗಸೆಯನ್ನೂ ಗುರೆಳ್ಳನ್ನೂ ಪೇಟೆಯಿಂದ ಕೊಂಡು ತಂದು ಚರಗ ಚೆಲ್ಲುತ್ತಾರೆ. ಹೊಲ ತಾನು ಬೆಳೆಯದ ಬೆಳೆಯನ್ನು ಹಬ್ಬದ ದಿನ ಅತಿಥಿಯಂತೆ ಸವಿಯುತ್ತದೆ.

ಬೆಳೆ ಬದಲಾದದ್ದಕ್ಕೆ ರೈತನನ್ನೊಬ್ಬನನ್ನೇ ದೂರುವುದು ನ್ಯಾಯವಲ್ಲ. ಸವದತ್ತಿಯ ಬಳಿಯ ನವಿಲುತೀರ್ಥದಲ್ಲಿ ಮಲಪ್ರಭೆಗೆ ಕಟ್ಟಿದ ಅಣೆಕಟ್ಟು 1970ರ ದಶಕದಲ್ಲಿ ಈ ಸೀಮೆಗೆ ಕಾಲುವೆಯ ನೀರನ್ನು ತೋರಿಸಿತು. ನೀರಿನ ಭರವಸೆಯ ಮೇಲೆ ಹಣದ ಬೆಳೆಗಳು ಬಂದವು. ನೀರು ಎಲ್ಲರಿಗೂ ಮುಟ್ಟಲಿಲ್ಲ. ಅಭಿವೃದ್ಧಿ ಕರ ಮಾತ್ರ ಎಲ್ಲರನ್ನೂ ಮುಟ್ಟಿತು. 1980ರ ಜುಲೈ 21ರಂದು ನವಲಗುಂದ-ನರಗುಂದಗಳಲ್ಲಿ ಸಿಡಿದ ರೈತರ ಪ್ರತಿಭಟನೆ, ಅಂದಿನ ಗೋಳೀಬಾರು, ಸಾವು-ನೋವುಗಳು ನಾಡಿನ ರಾಜಕಾರಣದ ಗತಿಯನ್ನೇ ತಿರುಗಿಸಿದವು. ಜುಲೈ 21 ಇಂದಿಗೂ ಇಲ್ಲಿ ರೈತ ಹುತಾತ್ಮರ ದಿನ. 2015ರಲ್ಲಿ ಮಹದಾಯಿಯ ನೀರಿಗಾಗಿ ಮತ್ತೆ ಹೋರಾಟ ಆರಂಭವಾಯಿತು. 2018ರ ಆಗಸ್ಟಿನಲ್ಲಿ ನ್ಯಾಯಮಂಡಳಿ ಕರ್ನಾಟಕಕ್ಕೆ 13.42 ಟಿ.ಎಂ.ಸಿ. ಅಡಿ ನೀರನ್ನು ಗೊತ್ತುಮಾಡಿತು. ಅದರಲ್ಲಿ ಕಳಸಾ-ಬಂಡೂರಿ ನಾಲೆಗಳಿಂದ ಮಲಪ್ರಭೆಗೆ ಬರಬೇಕಾದದ್ದು 3.9 ಟಿ.ಎಂ.ಸಿ. ಅಡಿ. ಇಂಥ ನೆಲದಲ್ಲಿ ಚರಗದ ಬೆನ್ನಿಗೆ ಒಬ್ಬರು ತಂಬಿಗೆಯ ನೀರನ್ನು ಚಿಮುಕಿಸುತ್ತ ನಡೆಯುವುದನ್ನು ನೋಡುವವರಿಗೆ ಆ ಸಣ್ಣ ವಿಧಿಯ ತೂಕ ಬೇರೆಯೇ ಆಗಿ ತೋರುತ್ತದೆ.

ಈ ಹಬ್ಬ ಕನ್ನಡನಾಡಿನ ಗಡಿಯಲ್ಲಿ ನಿಂತುಬಿಡುವುದಿಲ್ಲವೆಂಬುದು ಪಟ್ಟಣದ ವಾಚಕರಲ್ಲಿ ಅನೇಕರಿಗೆ ಹೊಸ ಸಂಗತಿಯಾಗಬಹುದು. ಕಲಬುರಗಿ, ಬೀದರಗಳನ್ನು ದಾಟಿ ಮಹಾರಾಷ್ಟ್ರದ ಲಾತೂರು, ಧಾರಾಶಿವ ಜಿಲ್ಲೆಗಳಿಗೆ ಹೋದರೆ ಅಲ್ಲಿಯೂ ಇದೇ ಅಮಾವಾಸ್ಯೆಯಂದು ಪಟ್ಟಣಗಳು ಬರಿದಾಗಿ ಹೊಲಗಳು ತುಂಬುತ್ತವೆ. ಲಾತೂರು ಜಿಲ್ಲೆಯಲ್ಲಿ ಅಂದು ಸ್ಥಳೀಯ ರಜೆಯನ್ನೇ ಕೊಡುತ್ತಾರೆ. ಮರಾಠಿ ಮಾತಾಡುವ ಆ ಜನ ಹಬ್ಬವನ್ನು ‘ಯೆಳವಸ’ ಎನ್ನುತ್ತಾರೆ. ಎಳ್ಳ ಅಮಾವಾಸ್ಯೆಯೆಂಬ ಕನ್ನಡದ ನೆರಳು ಆ ಶಬ್ದದ ಮೇಲಿರುವುದನ್ನು ಕಾಣಲು ಪಂಡಿತರೇ ಬೇಕಿಲ್ಲ. ಸಜ್ಜೆಯ ಉಂಡೆ, ಸೊಪ್ಪು-ಕಾಳುಗಳ ಭಜ್ಜಿ, ಅಂಬಲಿ ಅಲ್ಲಿಯ ವಿಶೇಷ. ಈ ಭಜ್ಜಿ ಕಲಬುರಗಿ-ಬೀದರಗಳಲ್ಲಿಯೂ ಇದೆ. ನವಲಗುಂದದ ಕಡೆ ಅದರ ಸ್ಥಾನದಲ್ಲಿ ಪುಂಡಿಪಲ್ಯ ನಿಲ್ಲುತ್ತದೆ. ಎರೆಮಣ್ಣು ಎಲ್ಲಿಯವರೆಗೆ ಹಬ್ಬಿದೆಯೋ ಹೆಚ್ಚುಕಡಿಮೆ ಅಲ್ಲಿಯವರೆಗೆ ಈ ಹಬ್ಬವೂ ಹಬ್ಬಿದೆ; ಮಾತು ಬದಲಾದರೂ ಮಣ್ಣು ಬದಲಾಗಿಲ್ಲ.

2023ನೆಯ ವರ್ಷವನ್ನು ವಿಶ್ವಸಂಸ್ಥೆ ಸಿರಿಧಾನ್ಯಗಳ ಅಂತರರಾಷ್ಟ್ರೀಯ ವರ್ಷವೆಂದು ಆಚರಿಸಿದಾಗ ಜೋಳ, ಸಜ್ಜೆಗಳಿಗೆ ಪಟ್ಟಣದಲ್ಲಿ ಏಕಾಏಕಿ ಮರ್ಯಾದೆ ಹೆಚ್ಚಿತು. ದೊಡ್ಡ ಹೋಟೆಲುಗಳು ರೊಟ್ಟಿಯ ಊಟವನ್ನು ಬೆಳ್ಳಿಯಂಥ ತಟ್ಟೆಗಳಲ್ಲಿ ಬಡಿಸಿದವು. ಸಂತೋಷವೇ ಸರಿ. ಆದರೆ ಕೊಳ್ಳುವವರ ಹೊಸ ಉತ್ಸಾಹದಲ್ಲಿ ಬೆಳೆಯುವವನ ಪಾಲೆಷ್ಟು ಎಂಬುದನ್ನು ವಿಚಾರಿಸಿದವರು ಕಡಿಮೆ. ಹಿಂಗಾರಿ ಜೋಳವನ್ನು ಬಗ್ಗಿ ಕೊಯ್ಯಬೇಕು, ತೆನೆ ಮುರಿಯಬೇಕು, ರಾಶಿ ಮಾಡಬೇಕು. ಆ ದುಡಿಮೆಗೆ ತಕ್ಕ ಬೆಲೆ ಬಾರದಿದ್ದರೆ ಅವನು ಉಳಿಸಿಕೊಳ್ಳುವುದು ಮನೆಯ ಊಟಕ್ಕೂ ದನದ ಮೇವಿಗೂ ಸಾಲುವಷ್ಟು ಜೋಳವನ್ನು ಮಾತ್ರ. ಚರಗಕ್ಕೆ ಸಾಲುವಷ್ಟು ಎಂದರೂ ನಡೆದೀತು.

ಹೊಲವಿಲ್ಲದವರ ಗತಿ ಏನೆಂದು ಕೇಳಬಹುದು. ಊರಲ್ಲಿ ಹೊಲವಿಲ್ಲದ ಮನೆಗಳೂ ಇವೆ, ಅನ್ಯರ ಹೊಲದಲ್ಲಿ ದುಡಿಯುವ ಮನೆಗಳೂ ಇವೆ. ಅಂಥವರನ್ನು ಕರೆದು ಪಂಕ್ತಿಯಲ್ಲಿ ಕೂರಿಸಿಕೊಳ್ಳುವುದು ಈ ಹಬ್ಬದ ಒಳ್ಳೆಯ ನಡೆ. ಕರೆಯುವ ಮನೆಗೆ ಮರ್ಯಾದೆ. ಕರೆಯದ ಮನೆಯ ಮಾತನ್ನು ಊರು ಮುಂದಿನ ಅಮಾವಾಸ್ಯೆಯವರೆಗೂ ಆಡಿಕೊಳ್ಳುತ್ತದೆ. ನೆರೆಹೊಲದವರು, ದೂರದ ಊರಿನಲ್ಲಿ ನೌಕರಿಯಲ್ಲಿರುವ ಮಕ್ಕಳು, ಅವರ ಸ್ನೇಹಿತರು, ದಾರಿಹೋಕರು, ಎಲ್ಲರಿಗೂ ಒಂದೊಂದು ರೊಟ್ಟಿ ಇದ್ದೇ ಇರುತ್ತದೆ. ಪಟ್ಟಣದ ಕುಟುಂಬವೊಂದು ಈ ಊಟವನ್ನು ಸವಿಯಬೇಕೆಂದರೆ ಹಣದಿಂದ ಸಾಧ್ಯವಿಲ್ಲ; ಪರಿಚಯದ ಮನೆಯೊಂದಿರಬೇಕು, ಇಲ್ಲವೆ ಹೆದ್ದಾರಿಯ ಮಗ್ಗುಲಿಗೆ ಕುಳಿತ ಪಂಕ್ತಿಯವರು “ಬರ್ರೀ, ಊಟ ಮಾಡ್ರೀ” ಎಂದಾಗ ಸಂಕೋಚ ಬಿಟ್ಟು ಇಳಿಯುವ ಮನಸ್ಸಿರಬೇಕು. ಮನೆಯಿಂದ ಒಂದಿಷ್ಟು ಹಣ್ಣನ್ನೋ ಮಕ್ಕಳಿಗೆ ಸಿಹಿಯನ್ನೋ ಒಯ್ದರೆ ಶೋಭೆ.

ಹೊತ್ತು ಇಳಿಯುತ್ತಿದ್ದಂತೆ ಗಾಳಿ ಮತ್ತೆ ತಣ್ಣಗಾಗುತ್ತದೆ. ಮಕ್ಕಳು ಜೋಳದ ದಂಟಿನ ನಡುವೆ ಓಡಾಡಿ ದಣಿದಿರುತ್ತಾರೆ. ಗಂಡಸರು ತೆನೆಯನ್ನು ಹಿಸುಕಿ ಕಾಳಿಗೆ ಹಾಲು ತುಂಬಿದೆಯೇ ಎಂದು ನೋಡುತ್ತಾರೆ. ಇನ್ನೂ ಕೆಲವು ವಾರ ಕಳೆದರೆ ಆ ಹಾಲು ಗಟ್ಟಿಯಾಗುತ್ತದೆ. ಆಗ ಎಳೆಯ ತೆನೆಗಳನ್ನು ಕುಳ್ಳಿನ ಕೆಂಡದಲ್ಲಿ ಸುಟ್ಟು, ಅಂಗೈಯಲ್ಲಿ ತಿಕ್ಕಿ, ಊದಿ, ಹಸಿರು ಕಾಳಿಗೆ ಬೆಲ್ಲವನ್ನೋ ಚಟ್ನಿಪುಡಿಯನ್ನೋ ಕೂಡಿಸಿ ತಿನ್ನುವ ಸೀತನಿಯ ದಿನಗಳು. “ಸೀತನಿಗಿ ಮತ್ತ ಬರ್ರೀ” ಎಂದು ಹೇಳಿ, ಬೇಡವೆಂದರೂ ಬಿಡದೆ, ಮನೆಯ ಹಿರಿಯಾಕೆ ಅತಿಥಿಗಳ ಕೈಗೆ ಹತ್ತು ಕಡಕ್ ರೊಟ್ಟಿಯ ಗಂಟನ್ನೂ ಬೇರುಸಹಿತ ಕಿತ್ತ ಕಡಲೆಗಿಡದ ಸೂಡನ್ನೂ ಇಡುತ್ತಾಳೆ. ಹುಬ್ಬಳ್ಳಿಯ ಬಸ್ಸಿನಲ್ಲಿ ಕುಳಿತು ಆ ಕಾಯಿಗಳನ್ನು ಒಂದೊಂದಾಗಿ ಸುಲಿಯುತ್ತ ಬಂದರೆ, ಬೆರಳ ತುದಿಗೆ ಹತ್ತಿದ ಹುಳಿ ಊರು ಮುಟ್ಟುವವರೆಗೂ ಹೋಗುವುದಿಲ್ಲ.